ಬೆರಳುದ್ದದ ಸವಾರನಿಗೆ ಖಾಕಿ ತೊಡಿಸುವ ಬಗೆ

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಯೋಧರ ಕಂಚಿನ ಪ್ರತಿಮೆಗಳಿವೆ. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ ಸ್ಮಾರಕ ಅದು. ಶಿಲ್ಪಿ ಲಿಯೊನಾರ್ಡ್ ಜೆನಿಂಗ್ಸ್. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಕುದುರೆಯ ಮೇಲೆ ಕೂತು ಈಟಿ ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾದರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕವಿದೆ. ಆದರೆ ಆ ಸವಾರನ ಮೈಮೇಲಿದ್ದ ಬಟ್ಟೆಯ ಬಣ್ಣ ಹೇಗಿತ್ತೆಂದು ಕಂಚೂ ಹೇಳುವುದಿಲ್ಲ, ಕಲ್ಲೂ ಹೇಳುವುದಿಲ್ಲ.

ಅದೇ ಸವಾರನನ್ನು ಬೆರಳುದ್ದದ ಬೊಂಬೆಯಾಗಿ ಮೇಜಿನ ಮೇಲೆ ನಿಲ್ಲಿಸಿ ಬಣ್ಣ ಹಚ್ಚಲು ಕೂತವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಅದು. ಖಾಕಿ ಎಂದು ಥಟ್ಟನೆ ಉತ್ತರ ಹೇಳಬಹುದು. ಆದರೆ ಯಾವ ಖಾಕಿ? ಜಪಾನಿನ ಟಾಮಿಯಾ ಕಂಪನಿಯ ಎಕ್ಸ್‌ಎಫ್-49 ಸೀಸೆಯ ಮೇಲೆ ಖಾಕಿ ಎಂದು ಬರೆದಿದೆ. ಸ್ಪೇನಿನ ವಾಯೆಹೊ ಕಂಪನಿಯ 70.988 ಸೀಸೆಯ ಮೇಲೂ ಖಾಕಿ ಎಂದೇ ಇದೆ. ಎರಡನ್ನೂ ಬಿಳಿ ರಟ್ಟಿನ ಮೇಲೆ ಅಕ್ಕಪಕ್ಕ ಬಳಿದು ಒಣಗಿಸಿದರೆ ಒಂದು ಗಾಢ ಕಂದಾಗಿ, ಇನ್ನೊಂದು ತಿಳಿಯಾಗಿ ಕಾಣುತ್ತದೆ. ಅದೇ ವಾಯೆಹೊ ಸಾಲಿನಲ್ಲಿ ‘ಇಂಗ್ಲಿಷ್ ಯೂನಿಫಾರ್ಮ್’ ಎಂಬ ಮತ್ತೊಂದು ಸೀಸೆಯಿದ್ದು, ಅದೂ ಬ್ರಿಟಿಷ್ ಖಾಕಿಗೆಂದೇ ಮಾಡಿದ ಬಣ್ಣ. ಇವೆರಡಕ್ಕೂ ಅದು ಹೊಂದುವುದಿಲ್ಲ. ಇದರಲ್ಲಿ ಯಾವ ಕಂಪನಿಯ ತಪ್ಪೂ ಇಲ್ಲ. ಖಾಕಿ ಹುಟ್ಟಿದ್ದೇ ಹತ್ತಾರು ಛಾಯೆಗಳ ಕುಟುಂಬವಾಗಿ. ಅದಕ್ಕೇ ಈ ಕಲೆಯಲ್ಲಿ ಪಳಗಿದವರು ಸೀಸೆಯ ಬಣ್ಣವನ್ನು ಹಾಗೆಯೇ ಬಳಿಯುವುದಿಲ್ಲ, ಬೆರೆಸುತ್ತಾರೆ.

ಈ ಹವ್ಯಾಸದ ಬೇರು ಇರುವುದು ಮಕ್ಕಳ ಆಟಿಕೆಯಲ್ಲಿ. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಮಾರತೊಡಗಿತು. 54 ಮಿಲಿಮೀಟರ್ ಎತ್ತರದ ಆ ಬೊಂಬೆಗಳಿಗೆ ಹೊಳೆಯುವ ಎನಾಮಲ್ ಬಣ್ಣ: ಕೆಂಪೆಂದರೆ ಕೆಂಪು, ನೀಲಿಯೆಂದರೆ ನೀಲಿ. ಮಕ್ಕಳ ಕಣ್ಣಿಗೆ ಅದೇ ಚಂದ. ದೊಡ್ಡವರು ಈ ಬೊಂಬೆಗಳನ್ನು ಕೈಗೆತ್ತಿಕೊಂಡಾಗ ಅವರಿಗೆ ಬೇಕಾದದ್ದು ಬೇರೆಯಾಗಿತ್ತು. 1968ರಲ್ಲಿ ಟಾಮಿಯಾ 1:35 ಅಳತೆಯ ಸೈನಿಕರ ಪ್ಲಾಸ್ಟಿಕ್ ಕಿಟ್ ಹೊರತಂದಿತು. ಅಮೆರಿಕದ ಶೆಪ್ಪರ್ಡ್ ಪೇಯ್ನ್, ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡೆನ್ ಅವರಂಥವರು ನೆರಳು, ಬೆಳಕು, ಧೂಳು, ಸವಕಲುಗಳನ್ನು ಬಣ್ಣದಲ್ಲಿ ತೋರಿಸುವ ಬಗೆಯನ್ನು ಪುಸ್ತಕಗಳ ಮೂಲಕ ಕಲಿಸಿದರು. ಬೊಂಬೆ ಮೆಲ್ಲಗೆ ಆಟಿಕೆಯ ಪೆಟ್ಟಿಗೆಯಿಂದ ಎದ್ದು ಚಿತ್ರಕಲೆಯ ಪಂಕ್ತಿಗೆ ಬಂತು. ಅಂದಿನಿಂದ ಸಮವಸ್ತ್ರದ ಬಣ್ಣವೇ ಈ ಕಲೆಯ ದೊಡ್ಡ ಪರೀಕ್ಷೆ.

ಖಾಕಿಯ ಕಥೆ ತಿಳಿದರೆ ಅದನ್ನು ಬೆರೆಸುವ ದಾರಿ ಅರ್ಧ ತಿಳಿದಂತೆ. ಫಾರಸಿ ಮತ್ತು ಉರ್ದುವಿನಲ್ಲಿ ಖಾಕ್ ಎಂದರೆ ಮಣ್ಣು, ಧೂಳು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಗೆ ಗಡಿನಾಡಿನ ಮಣ್ಣಿನಲ್ಲಿ ಕರಗಿಹೋಗುವ ಬಟ್ಟೆ ಬೇಕಾಗಿತ್ತು. ಬಿಳಿ ಹತ್ತಿ ಬಟ್ಟೆಯನ್ನು ಕೊಂಡು ನದಿಯ ಕೆಸರಿನಲ್ಲಿ ತಿಕ್ಕಿ ಬಣ್ಣ ಕಟ್ಟಿದರೆಂಬ ಕಥೆ ಪ್ರಸಿದ್ಧ. 1857ರಲ್ಲಿ ಬ್ರಿಟಿಷ್ ಪಡೆಗಳು ಬೇಸಿಗೆಯ ಬಿಳಿ ಉಡುಪನ್ನು ಅವಸರದಲ್ಲಿ ಬಣ್ಣಕ್ಕೆ ಅದ್ದಿದಾಗ ಕೈಗೆ ಸಿಕ್ಕದ್ದೆಲ್ಲ ಬಣ್ಣವಾಯಿತು: ಚಹಾ, ಕಾಫಿ, ಕೆಸರು, ಬಣ್ಣದ ಶಾಯಿ. ಒಂದು ಪಡೆಯ ಖಾಕಿ ನೀಲಿ ಬೆರೆತ ಬೂದು, ಮತ್ತೊಂದರದು ಕಂದು. ಒಗೆದ ಹಾಗೆಲ್ಲ ಅದೂ ಬದಲಾಗುತ್ತಿತ್ತು.

ಮಂಗಳೂರಿನವರು ಈ ಕಥೆಗೆ ತಮ್ಮದೊಂದು ಅಧ್ಯಾಯ ಸೇರಿಸುತ್ತಾರೆ. 1851ರಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆಗಾರ ಜಾನ್ ಹಾಲರ್ ಅಲ್ಲಿಗೆ ಬಂದ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣವನ್ನು ತಯಾರಿಸಿದ್ದು ಅವನೇ ಎಂಬ ಮಾತು ಕರಾವಳಿಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮೊದಲು ಕಂಡುಹಿಡಿದವರು ಯಾರೆಂಬ ವಾದ ಏನೇ ಇರಲಿ, ಮಣ್ಣಿನ ಬಣ್ಣದ ಹತ್ತಿ ಬಟ್ಟೆಯ ಇತಿಹಾಸ ಬರೆಯುವವರು ಮಂಗಳೂರಿನ ಹೆಸರನ್ನು ಬಿಡುವಂತಿಲ್ಲ.

ಒಗೆದರೂ ಬಿಸಿಲಿಗಿಟ್ಟರೂ ನಿಲ್ಲುವ ಖಾಕಿಯ ಹಿಂದೆ ರಸಾಯನಶಾಸ್ತ್ರವಿದೆ. ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಆಕ್ರಿಂಗ್‌ಟನ್ನಿನಲ್ಲಿ ಬಣ್ಣದ ಕಾರ್ಖಾನೆ ನಡೆಸುತ್ತಿದ್ದ ಫ್ರೆಡರಿಕ್ ಗ್ಯಾಟಿ 1884ರಲ್ಲಿ ಇಂಥ ಬಣ್ಣಕ್ಕೆ ಪೇಟೆಂಟ್ ಪಡೆದ. ಖನಿಜ ಖಾಕಿ ಎಂದು ಕರೆಯುವ ಈ ಬಗೆಯಲ್ಲಿ ಹತ್ತಿಯ ಎಳೆಯೊಳಗೇ ಕಬ್ಬಿಣದ ಆಕ್ಸೈಡ್ ಮತ್ತು ಕ್ರೋಮಿಯಂ ಆಕ್ಸೈಡ್ ಕೂರುತ್ತವೆ. ಮೊದಲನೆಯದು ತುಕ್ಕಿನ ಬಣ್ಣ, ಎರಡನೆಯದು ಮಾಸಲು ಹಸಿರು. ಬೊಂಬೆಗೆ ಬಣ್ಣ ಬೆರೆಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು: ತುಕ್ಕಿನ ಹಳದಿಗಂದಿಗೆ ಹಸಿರಿನ ಛಾಯೆ ಸೇರಿದರೆ ಖಾಕಿ. ಚಿತ್ರಗಾರರು ಬಳಸುವ ಯೆಲ್ಲೋ ಓಕರ್, ಸಿಯೆನ್ನಾ, ಅಂಬರ್ ಎಲ್ಲವೂ ಕಬ್ಬಿಣದ ಆಕ್ಸೈಡ್ ಇರುವ ಮಣ್ಣುಗಳೇ. ಅಂಬರಿನಲ್ಲಿ ಮ್ಯಾಂಗನೀಸ್ ಕೂಡ ಇರುವುದರಿಂದ ಅದು ಹೆಚ್ಚು ಕಪ್ಪಿಡುತ್ತದೆ. ಬಟ್ಟೆಗೆ ಬಣ್ಣ ಕೊಟ್ಟ ವಸ್ತುವೇ ಟ್ಯೂಬಿನಲ್ಲೂ ಇದೆ.

ಆದ್ದರಿಂದ ಅಂಗಡಿಯಲ್ಲಿ ಇಪ್ಪತ್ತು ಬಗೆಯ ಮಿಲಿಟರಿ ಸೀಸೆಗಳನ್ನು ಕೊಳ್ಳುವ ಮುನ್ನ ಆರು ಬಣ್ಣಗಳ ಸ್ವಭಾವ ಅರಿಯುವುದು ಲೇಸು: ಯೆಲ್ಲೋ ಓಕರ್, ರಾ ಅಂಬರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ, ಕಪ್ಪು, ಬಿಳಿ. ಬಹುಪಾಲು ಸೈನ್ಯಗಳ ಬಟ್ಟೆ ಇವುಗಳ ಬೆರಕೆಯಲ್ಲೇ ಸಿಗುತ್ತದೆ. ಬಿಸಿಲುನಾಡಿನ ಹತ್ತಿ ಖಾಕಿಗೆ ಓಕರ್ ಮೂರು ಪಾಲು, ಬಿಳಿ ಎರಡು ಪಾಲು, ರಾ ಅಂಬರ್ ಒಂದು ಪಾಲು ಬೆರೆಸಿ ಆರಂಭಿಸಬಹುದು. ಅದಕ್ಕೆ ಓಕರ್ ಮತ್ತು ನೀಲಿ ಬೆರೆಸಿದ ಹಸಿರನ್ನು ಕುಂಚದ ತುದಿಯಷ್ಟು ಮುಟ್ಟಿಸಿದರೆ ಬಿಸ್ಕತ್ತಿನಂತಿದ್ದ ಬಣ್ಣ ಸಿಪಾಯಿಯ ಬಟ್ಟೆಯಾಗಿ ಮಾರ್ಪಡುತ್ತದೆ. ಪಾಲುಗಳು ಎಲ್ಲ ಕಂಪನಿಯ ಬಣ್ಣಕ್ಕೂ ಒಂದೇ ಆಗುವುದಿಲ್ಲ, ಒಂದರ ಓಕರ್ ಇನ್ನೊಂದರದಕ್ಕಿಂತ ಗಟ್ಟಿಯಿರಬಹುದು. ತಿಳಿಬಣ್ಣಕ್ಕೆ ಗಾಢಬಣ್ಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುವುದು ರೂಢಿ. ಗಾಢಬಣ್ಣವನ್ನು ತಿಳಿ ಮಾಡಲು ಹೊರಟರೆ ಅರ್ಧ ಸೀಸೆ ಬಿಳಿ ಮುಗಿದರೂ ಹದ ಬರುವುದಿಲ್ಲ.

ಅಮೆರಿಕದ ಸೈನ್ಯದ ಆಲಿವ್ ಡ್ರ್ಯಾಬ್ ಬಣ್ಣ ಹೊಸಬರಿಗೆ ಅಚ್ಚರಿ ಹುಟ್ಟಿಸುತ್ತದೆ. ಹಸಿರು ಕಾಣುವ ಈ ಬಣ್ಣಕ್ಕೆ ಹಸಿರೇ ಬೇಡ. ಕಪ್ಪು ಮತ್ತು ಓಕರ್ ಬೆರೆಸಿದರೆ ಸಾಕು, ಆಲಿವ್ ಹಸಿರು ಎದ್ದು ಬರುತ್ತದೆ. ಇಂಗಾಲದ ಕಪ್ಪಿನಲ್ಲಿ ಅಡಗಿರುವ ನೀಲಿ ಛಾಯೆ ಹಳದಿಯೊಂದಿಗೆ ಕೂಡಿ ಹಸಿರಾಗುತ್ತದೆ. ಅಮೆರಿಕದ ಸೈನ್ಯದ ವಾಹನಗಳಿಗೆ ಬಳಿಯುತ್ತಿದ್ದ ಬಣ್ಣವೂ ಇದೇ ಕಪ್ಪು ಮತ್ತು ಓಕರಿನ ಬೆರಕೆಯಾಗಿತ್ತು. ಬಟ್ಟೆಯಲ್ಲಿ ಮಾತ್ರ ಆ ಬಣ್ಣ ಒಂದೇ ಆಗಿ ನಿಲ್ಲಲಿಲ್ಲ. ಎರಡನೇ ಮಹಾಯುದ್ಧದ ಆರಂಭದ ತಿಳಿ ಛಾಯೆಗೆ 3ನೇ ಸಂಖ್ಯೆ, 1943ರ ಮಾದರಿಯ ಜಾಕೆಟ್ಟಿನ ಗಾಢ ಹಸಿರಿಗೆ 7ನೇ ಸಂಖ್ಯೆ. ಒಬ್ಬನೇ ಸಿಪಾಯಿ ಹಳೆಯ ತಿಳಿಬಣ್ಣದ ಬೆಲ್ಟಿನ ಜೊತೆ ಹೊಸ ಗಾಢ ಜಾಕೆಟ್ ತೊಟ್ಟಿರುವುದು ಅಂದಿನ ಫೋಟೊಗಳಲ್ಲಿ ಸಾಮಾನ್ಯ. ಬೊಂಬೆಗೆ ಮುಡಿಯಿಂದ ಅಡಿಯವರೆಗೆ ಒಂದೇ ಆಲಿವ್ ಡ್ರ್ಯಾಬ್ ಬಳಿದರೆ ಆ ನಿಜ ಮುಚ್ಚಿಹೋಗುತ್ತದೆ.

ಬೆರೆಸಿದ ಬಣ್ಣವನ್ನು ಒದ್ದೆಯಿದ್ದಾಗ ನಂಬಬಾರದು. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುತ್ತದೆ. ಅದಕ್ಕೆಂದೇ ಅನುಭವಿಗಳು ಬೊಂಬೆಗೆ ಬಳಿದ ಪ್ರೈಮರನ್ನೇ ಒಂದು ರಟ್ಟಿಗೂ ಬಳಿದು, ಬೆರೆಸಿದ್ದನ್ನೆಲ್ಲ ಮೊದಲು ಅದರ ಮೇಲೆ ಒಣಗಿಸಿ ನೋಡುತ್ತಾರೆ. ಬಣ್ಣ ಹಾಲಿನ ಹದದಲ್ಲಿರಬೇಕು. ಗಟ್ಟಿಯಾದರೆ ಗುಂಡಿ, ಹೊಲಿಗೆಗಳ ಉಬ್ಬುತಗ್ಗು ಮುಚ್ಚಿಹೋಗುತ್ತದೆ, ನೀರಾದರೆ ಮಡಿಕೆಯ ಕುಳಿಯಲ್ಲಿ ಹೋಗಿ ನಿಲ್ಲುತ್ತದೆ. ಒಂದು ದಪ್ಪ ಲೇಪಕ್ಕಿಂತ ಮೂರು ತೆಳು ಲೇಪ ಮೇಲು. ಬಣ್ಣ ಬೇಗ ಒಣಗದಿರಲೆಂದು ಒದ್ದೆ ಸ್ಪಂಜಿನ ಮೇಲೆ ಬೆಣ್ಣೆಕಾಗದ ಹಾಸಿ, ಅದನ್ನೇ ಪ್ಯಾಲೆಟ್ ಮಾಡಿಕೊಳ್ಳುವುದುಂಟು. ಕುಂಚದ ವಿಷಯದಲ್ಲಿ ಇಂದಿಗೂ ಹಲವರ ಮೊದಲ ಆಯ್ಕೆ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ 7ನೇ ಸರಣಿ. 1866ರಲ್ಲಿ ವಿಕ್ಟೋರಿಯಾ ರಾಣಿಗೆಂದು ತಯಾರಾದ ಈ ಕುಂಚದ ಕೂದಲು ದಪ್ಪ ಬುಡದಲ್ಲಿ ಬಣ್ಣ ಹಿಡಿದುಕೊಂಡು, ಸೂಜಿಯಂಥ ತುದಿಯಲ್ಲಿ ಬಿಡುತ್ತದೆ. ಗುಂಡಿ ಬರೆಯಲು ಸಣ್ಣ ಕುಂಚ ಬೇಕೆಂಬುದು ತಪ್ಪು ಕಲ್ಪನೆ, ಬೇಕಾದದ್ದು ಚೂಪಾದ ತುದಿ.

ಇನ್ನು ನೆರಳು ಬೆಳಕಿನ ಮಾತು. ಬೊಂಬೆ ಚಿಕ್ಕದಾದ್ದರಿಂದ ಅದರ ತೋಳಿನ ಮಡಿಕೆಯಲ್ಲಿ ಬೀಳುವ ನಿಜವಾದ ನೆರಳು ಕಣ್ಣಿಗೆ ಸಾಲುವುದಿಲ್ಲ. ನೆರಳನ್ನೂ ಬೆಳಕನ್ನೂ ಬಣ್ಣದಲ್ಲೇ ಬರೆಯಬೇಕಾಗುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ. ಬಿಳಿ ಸೇರಿಸಿದ ಖಾಕಿ ಸುಣ್ಣ ಬಳಿದಂತಾಗುತ್ತದೆ, ಕಪ್ಪು ಸೇರಿಸಿದ್ದು ಮಸಿ ಮೆತ್ತಿಕೊಂಡಂತಾಗುತ್ತದೆ. ಬಿಸಿಲು ಬಿದ್ದ ಬಟ್ಟೆ ಬಿಳುಪಾಗುವುದಕ್ಕಿಂತ ಹೆಚ್ಚಾಗಿ ಬೆಚ್ಚಗಾಗುತ್ತದೆ. ಹಾಗಾಗಿ ಖಾಕಿಯ ಬೆಳಕಿಗೆ ಕೆನೆಬಣ್ಣ ಅಥವಾ ಮರಳಿನ ಬಣ್ಣ, ನೆರಳಿಗೆ ಅಂಬರ್ ಜೊತೆ ಒಂದು ಚುಕ್ಕೆ ನೀಲಿ. ಆಲಿವ್ ಹಸಿರಿನ ನೆರಳಿಗೆ ಕೆಂಗಂದು ಅಥವಾ ನೇರಳೆ. ಕೆಂಪು ಅಂಗಿಯ ಬೆಳಕಿಗೆ ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಕಿತ್ತಳೆ ಅಥವಾ ಚರ್ಮದ ಬಣ್ಣ ಬೆರೆಸಿದರೆ ಕೆಂಪಾಗಿಯೇ ಉಳಿಯುತ್ತದೆ. ಅದರ ನೆರಳಿಗೆ ಕೆಂಪಿನ ಎದುರುಬಣ್ಣವಾದ ಗಾಢ ಹಸಿರು ಒಂದಿಷ್ಟು ಸೇರಿದರೂ ಸಾಕು. ಎದುರುಬಣ್ಣಗಳು ಒಂದನ್ನೊಂದು ಕುಗ್ಗಿಸುತ್ತವೆ, ಆದರೆ ಕೊಲ್ಲುವುದಿಲ್ಲ.

ಬೆಳಕು ಎಲ್ಲಿಂದ ಬರುತ್ತದೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದಾನೆಂದು ಭಾವಿಸುವುದು ಬಹುಮಂದಿಯ ಪದ್ಧತಿ. ಆಗ ಹೆಗಲು, ಪೇಟದ ಮೇಲ್ಭಾಗ, ಜೇಬಿನ ಮುಚ್ಚಳ, ಮಂಡಿಯ ಮೇಲ್ಬದಿ ಬೆಳಗುತ್ತವೆ. ಕಂಕುಳು, ಬೆಲ್ಟಿನ ಕೆಳಗು, ಒಳದೊಡೆ ನೆರಳಾಗುತ್ತವೆ. ಬೊಂಬೆಗೆ ಪ್ರೈಮರ್ ಹಚ್ಚಿದ ಕೂಡಲೇ ಅದನ್ನು ಟೇಬಲ್ ದೀಪದ ಕೆಳಗೆ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ಕೊನೆಯವರೆಗೂ ಅದೇ ನಕ್ಷೆಯಾಗುತ್ತದೆ.

ದೂರದ ಲೆಕ್ಕವೂ ಒಂದಿದೆ. 1:35 ಅಳತೆಯ ಬೊಂಬೆಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಮನುಷ್ಯನನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದ ಹಾಗೆ. 1:72ರ ಬೊಂಬೆಯಾದರೆ ಇಪ್ಪತ್ತೊಂದು ಮೀಟರಿಗೂ ಹೆಚ್ಚು. ದೂರ ಹೆಚ್ಚಿದಂತೆ ನಡುವಿನ ಗಾಳಿಯಿಂದ ಬಣ್ಣ ತಿಳಿಯಾಗಿ, ಮಂಕಾಗಿ ಕಾಣುತ್ತದೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದೂ ಇದರಿಂದಲೇ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿರುವ ಕೋಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬಣ್ಣ ಬೆರೆಸಿ ಬೊಂಬೆಗೆ ಬಳಿದರೂ ಅದು ಕಪ್ಪಗೆ, ಭಾರವಾಗಿ ತೋರುವುದು ಈ ಕಾರಣಕ್ಕೆ ಎನ್ನುತ್ತಾರೆ ಹವ್ಯಾಸಿಗಳು. ಬೊಂಬೆ ಚಿಕ್ಕದಾದಷ್ಟೂ ಮೂಲಬಣ್ಣವನ್ನು ತಿಳಿ ಮಾಡುತ್ತ ಹೋಗುವುದು ಹವ್ಯಾಸಿಗಳ ರೂಢಿ. ತಿಳಿ ಮಾಡಲು ಇಲ್ಲೂ ಬರೀ ಬಿಳಿಗಿಂತ ಕೆನೆಬಣ್ಣ ಅಥವಾ ತಿಳಿಬೂದು ಮೇಲು.

ಬಟ್ಟೆ ಮಾಸುವ ಬಗೆಯನ್ನು ಕಲಿಯಲು ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ಯಾವುದೇ ಊರಿನ ಆಟೊ ನಿಲ್ದಾಣದಲ್ಲಿ ಐದು ನಿಮಿಷ ನಿಂತು ನೋಡಿದರೆ ಸಾಕು. ಎರಡು ವರ್ಷ ತೊಟ್ಟ ಖಾಕಿ ಅಂಗಿಯ ಹೆಗಲು ಬಿಸಿಲಿಗೆ ಬೆಳ್ಳಗಾಗಿರುತ್ತದೆ. ಜೇಬಿನ ಮುಚ್ಚಳ ಎತ್ತಿದರೆ ಅಡಿಯಲ್ಲಿ ಅಂಗಡಿಯಿಂದ ತಂದ ದಿನದ ಬಣ್ಣ ಇನ್ನೂ ಇರುತ್ತದೆ. ಕಾಲರಿನ ಅಂಚು, ತೋಳಿನ ತುದಿ ಸವೆದು ನೂಲು ಕಾಣುತ್ತದೆ. ಬೆವರಿದ ಬೆನ್ನು ಗಾಢ, ಬೆವರು ಒಣಗಿದಲ್ಲಿ ಉಪ್ಪಿನ ಬಿಳಿಗೆರೆ. ಪಕ್ಕದಲ್ಲೇ ನಿಂತ ಇನ್ನೊಬ್ಬ ಚಾಲಕರ ಹೊಸ ಅಂಗಿ ಇದರ ದಾಯಾದಿಯಂತೆ ಕಾಣುತ್ತದೆ, ಅವಳಿಯಂತಲ್ಲ. ಹತ್ತು ಸಿಪಾಯಿಗಳ ಸಾಲಿಗೆ ಬಣ್ಣ ಹಚ್ಚುವವರು ಮೂಲಬಣ್ಣವನ್ನು ಮೂರು ಬಟ್ಟಲಿಗೆ ಹಂಚಿ, ಒಂದಕ್ಕೆ ಕೊಂಚ ಮರಳಿನ ಬಣ್ಣವನ್ನೂ ಇನ್ನೊಂದಕ್ಕೆ ಕೊಂಚ ಅಂಬರನ್ನೂ ಸೇರಿಸಿ ಬಳಸುವುದರ ಗುಟ್ಟು ಇದೇ.

ಮಾಸಿದ ಬಟ್ಟೆಗೆ ಮಾನವೂ ಇತ್ತು ಎಂಬುದಕ್ಕೆ ಉತ್ತರ ಆಫ್ರಿಕಾದ ಮರುಭೂಮಿ ಸಾಕ್ಷಿ. 1941ರಲ್ಲಿ ಅಲ್ಲಿಗಿಳಿದ ಜರ್ಮನಿಯ ಆಫ್ರಿಕಾ ಕೋರ್ ಪಡೆಗೆ ಕೊಟ್ಟ ಹತ್ತಿ ಉಡುಪು ಆಲಿವ್ ಹಸಿರಿನದು. ಬಿಸಿಲು, ಉಪ್ಪುನೀರಿನ ಒಗೆತ ಸೇರಿ ಅದು ಮರಳಿನ ಬಣ್ಣಕ್ಕೆ ತಿರುಗಿತು. ಟೋಪಿಗಳಂತೂ ಬಹುಮಟ್ಟಿಗೆ ಬೆಳ್ಳಗಾದವು. ಮಾಸಿದ ಟೋಪಿ ಎಂದರೆ ಹಳಬ ಎಂಬ ಗುರುತು. ಹೊಸದಾಗಿ ಬಂದವರು ತಾವೂ ಹಳಬರಂತೆ ಕಾಣಲೆಂದು ಟೋಪಿಯನ್ನು ಬೇಕೆಂದೇ ಬಿಳುಪಾಗಿಸಿಕೊಳ್ಳುತ್ತಿದ್ದರು. ಈ ಪಡೆಯ ಬೊಂಬೆಗೆ ಬಣ್ಣ ಹಚ್ಚುವವರು ಒಂದೇ ಗುಂಪಿನಲ್ಲಿ ಆಲಿವ್ ಹಸಿರಿನಿಂದ ಒಣಹುಲ್ಲಿನವರೆಗೆ ಎಲ್ಲ ಹಂತಗಳನ್ನೂ ಧೈರ್ಯವಾಗಿ ತೋರಿಸಬಹುದು. ಯಾರು ಎಷ್ಟು ತಿಂಗಳಿಂದ ಮರಳಿನಲ್ಲಿದ್ದಾರೆಂದು ಬಣ್ಣವೇ ಹೇಳುತ್ತದೆ.

ಉಣ್ಣೆಯ ಬಟ್ಟೆಯ ವ್ಯವಹಾರ ಬೇರೆ. ಅಲ್ಲಿ ಬಣ್ಣ ಬೆರೆಯುವುದು ನೂಲು ನೇಯುವುದಕ್ಕೂ ಮೊದಲೇ. ಬೇರೆ ಬೇರೆ ಬಣ್ಣ ಹಾಕಿದ ಉಣ್ಣೆಯ ಎಳೆಗಳನ್ನು ಕೂಡಿಸಿ ನೂತರೆ ದೂರಕ್ಕೆ ಅದೊಂದೇ ಬಣ್ಣವಾಗಿ ಕಾಣುತ್ತದೆ. ಇದರ ಒಳ್ಳೆಯ ಉದಾಹರಣೆ ಫ್ರಾನ್ಸಿನ ದಿಗಂತ ನೀಲಿ. 1914ರಲ್ಲಿ ಫ್ರೆಂಚ್ ಸಿಪಾಯಿ ಯುದ್ಧಕ್ಕೆ ಹೊರಟದ್ದು ಕೆಂಪು ಪ್ಯಾಂಟ್ ತೊಟ್ಟು. ಆ ವರ್ಷ ಯುದ್ಧಕ್ಕೆ ಸ್ವಲ್ಪ ಮೊದಲು ನೀಲಿ, ಬಿಳಿ, ಕೆಂಪು ಎಳೆಗಳನ್ನು ಕೂಡಿಸಿದ ಹೊಸ ಬಟ್ಟೆಯನ್ನು ಸರ್ಕಾರ ಒಪ್ಪಿತ್ತು. ಆದರೆ ಕೆಂಪಿಗೆ ಬೇಕಾದ ಅಲಿಜರಿನ್ ಬಣ್ಣ ಬರುತ್ತಿದ್ದುದು ಶತ್ರು ದೇಶವಾದ ಜರ್ಮನಿಯಿಂದ! ಕೆಂಪು ಎಳೆ ಬಿಟ್ಟುಹೋಗಿ, ಉಳಿದ ನೀಲಿ ಬಿಳಿಗಳಿಂದಲೇ ಆ ಮಂಕು ಬೂದುನೀಲಿ ಹುಟ್ಟಿತು. ಬೊಂಬೆಯಲ್ಲಿ ಇದನ್ನು ತರಲು ನುರಿತವರು ನೀಲಿಬೂದು ಮೂಲಬಣ್ಣದ ಮೇಲೆ ಕುಂಚದ ತುದಿಯಿಂದ ತಿಳಿನೀಲಿ, ಗಾಢನೀಲಿ ಚುಕ್ಕಿಗಳನ್ನು ಒತ್ತುತ್ತಾರೆ. ಹತ್ತಿರದಿಂದ ಅವು ಚುಕ್ಕಿ, ತೋಳುದ್ದ ದೂರದಿಂದ ಒರಟು ಉಣ್ಣೆ.

ಜರ್ಮನಿಯ ಫೀಲ್ಡ್ ಗ್ರೇ ಕೂಡ ಇದೇ ಜಾತಿಯದು. 1907ರಲ್ಲಿ ಕಾಣಿಸಿಕೊಂಡು 1910ಕ್ಕೆ ಅಧಿಕೃತವಾದ ಈ ಬಣ್ಣದ ಹೆಸರಿನಲ್ಲಿ ಬೂದು ಎಂದಿದ್ದರೂ ಅದರಲ್ಲಿ ಹಸಿರಿನ ಪಾಲಿದೆ. ಎರಡನೇ ಮಹಾಯುದ್ಧದ ಆರಂಭದಲ್ಲಿ ಕೋಟು ಹಸಿರುಬೂದು, ಪ್ಯಾಂಟ್ ಕಲ್ಲಿನ ಬೂದು, ಕಾಲರ್ ಗಾಢ ಹಸಿರು. ಯುದ್ಧ ಬೆಳೆದಂತೆ ಒಳ್ಳೆಯ ಉಣ್ಣೆ ಸಾಲದೆ ಹಳೆ ಬಟ್ಟೆಯ ನೂಲು, ರೇಯಾನ್ ಬೆರೆತವು. ಬಟ್ಟೆ ಬೂದಿನತ್ತ, ಆಮೇಲೆ ಕಂದಿನತ್ತ ಸರಿಯಿತು. 1944ರ ಮಾದರಿಯ ಕೋಟಿನಲ್ಲಿ ಕಂದು ಎದ್ದು ಕಾಣುತ್ತದೆ. ಬೆರೆಸುವವರಿಗೆ ಸೂತ್ರ ಸರಳ: ನಡುಬೂದಿಗೆ ಗಾಢ ಹಸಿರು, ಒಂದು ಚುಕ್ಕೆ ಅಂಬರ್. ವರ್ಷ ಮುಂದೆ ಹೋದಂತೆ ಹಸಿರು ಕಡಿಮೆ, ಅಂಬರ್ ಹೆಚ್ಚು. ಒಂದು ದೇಶದ ಅಭಾವದ ಕಥೆ ಪ್ಯಾಲೆಟ್ಟಿನ ಮೇಲೆ ಹೀಗೆ ಮೂಡುತ್ತದೆ.

ಕೆಂಪು ಕೋಟಿನಲ್ಲಿ ಕಾಣುವುದು ದರ್ಜೆಯ ಕಥೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಹತ್ತಿದ ಬ್ರಿಟಿಷ್ ಕಾಲಾಳುಗಳದು ಕೆಂಪು ಕೋಟು. ಸಾಮಾನ್ಯ ಸಿಪಾಯಿಯ ಬಟ್ಟೆಗೆ ಮಂಜಿಷ್ಠ ಜಾತಿಯ ಬೇರಿನ ಅಗ್ಗದ ಬಣ್ಣ, ಅದು ಇಟ್ಟಿಗೆಗೆಂಪು. ಅಧಿಕಾರಿಯ ಬಟ್ಟೆಗೆ ಕೊಚಿನೀಲ್ ಎಂಬ ಕೀಟದಿಂದ ತೆಗೆದ ದುಬಾರಿ ಬಣ್ಣ. ಅದು ಉಜ್ವಲ ಕಡುಗೆಂಪು. ಇಬ್ಬರಿಗೂ ಒಂದೇ ಸೀಸೆಯ ಕೆಂಪು ಬಳಿದರೆ ಆ ಅಂತರ ಅಳಿಸಿಹೋಗುತ್ತದೆ. ಸಿಪಾಯಿಯ ಕೆಂಪಿಗೆ ಬರ್ನ್ಟ್ ಸಿಯೆನ್ನಾ ಸೇರಿಸಬೇಕು, ಅಧಿಕಾರಿಯ ಕೆಂಪನ್ನು ಹಾಗೆಯೇ ಬಿಡಬಹುದು. ಎದುರಿಗಿದ್ದ ಟಿಪ್ಪುವಿನ ಪದಾತಿಯ ಉಡುಪು ಇನ್ನೂ ಕುತೂಹಲದ್ದು: ನೇರಳೆ ಛಾಯೆಯ ಬಟ್ಟೆ, ಅದರ ಮೇಲೆ ಹುಲಿಪಟ್ಟೆಯನ್ನು ನೆನಪಿಸುವ ಬಿಳಿ ಗುರುತುಗಳು. ನೀಲಿಗೆ ಮಂಜಿಷ್ಠದ ಕೆಂಪು ಬೆರೆಸಿ ಮಂಕು ನೇರಳೆ ಮಾಡಿಕೊಂಡು, ಗುರುತುಗಳಿಗೆ ಅಚ್ಚಬಿಳಿಯ ಬದಲು ದಂತದ ಬಣ್ಣ ಬಳಸಿದರೆ ಹತ್ತಿಯ ಬಟ್ಟೆಯಂತೆ ಕಾಣುತ್ತದೆ.

ಇಂಥ ತೀರ್ಮಾನಗಳಿಗೆ ಆಧಾರ ಎಲ್ಲಿಂದ? ಚಿತ್ರಗಳನ್ನು ಜೋಪಾನವಾಗಿ ಓದಬೇಕು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಬೃಹತ್ ಚಿತ್ರವನ್ನು ಬರೆದದ್ದು ಲಂಡನ್ನಿನಲ್ಲಿ, ಆ ಕಾಳಗವನ್ನು ಕಂಡವನಲ್ಲ. ಮೈಸೂರು ಯುದ್ಧದ ಕಾಲದಲ್ಲಿ ಇಲ್ಲೇ ಇದ್ದ ಫಿರಂಗಿದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ ಟಿಪ್ಪುವಿನ ಸಿಪಾಯಿಯನ್ನು ಚಿತ್ರಿಸಿ 1806ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನ ಸಾಕ್ಷ್ಯಕ್ಕೆ ತೂಕ ಹೆಚ್ಚು. ಫೋಟೊಗಳೂ ದಾರಿ ತಪ್ಪಿಸುತ್ತವೆ. ಮೊದಲ ಮಹಾಯುದ್ಧದ ಕಾಲದ ಬಹುಪಾಲು ಕಪ್ಪುಬಿಳುಪು ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಅವುಗಳಲ್ಲಿ ಫ್ರೆಂಚರ ಕೆಂಪು ಪ್ಯಾಂಟ್ ಕಪ್ಪಾಗಿ, ದಿಗಂತ ನೀಲಿ ಬಿಳಿಯಂತೆ ಮೂಡುತ್ತದೆ. 1935ರ ಕೊಡಕ್ರೋಮ್, 1936ರ ಆಗ್ಫಾಕಲರ್ ಬಂದ ಮೇಲೆ ಬಣ್ಣದ ಫೋಟೊಗಳು ಹೆಚ್ಚಾಗಿ ಸಿಗತೊಡಗಿದವು. ಅವುಗಳಿಗೂ ತಮ್ಮದೇ ಛಾಯೆಯ ಒಲವಿದೆ, ದಶಕಗಳಲ್ಲಿ ಮಾಸಿದ ಮುದ್ರಣಗಳಂತೂ ಇನ್ನೂ ದೂರ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ, ನ್ಯಾಷನಲ್ ಆರ್ಮಿ ಮ್ಯೂಸಿಯಂಗಳಲ್ಲಿರುವ ನಿಜವಾದ ಬಟ್ಟೆಯೇ ಗಟ್ಟಿ ಆಧಾರ. ಅಲ್ಲೂ ನೋಡಬೇಕಾದದ್ದು ಹೊರಮೈಗಿಂತ ಕಾಲರಿನ ಒಳಮಡಿಕೆ ಮತ್ತು ಹೊಲಿಗೆಯ ಅಂಚು. ಬೆಳಕು ಬೀಳದ ಆ ಜಾಗದಲ್ಲೇ ಮೂಲಬಣ್ಣ ಉಳಿದಿರುತ್ತದೆ.

ಬಣ್ಣ ಬೆರೆಸುವ ಮೇಜಿನ ದೀಪವೂ ಮುಖ್ಯ. ಹಳದಿ ಬಲ್ಬಿನ ಕೆಳಗೆ ಸರಿಹೊಂದಿದ ಎರಡು ಖಾಕಿಗಳು ಬೆಳಿಗ್ಗೆ ಕಿಟಕಿಯ ಬಳಿ ನೋಡಿದಾಗ ಬೇರೆಯಾಗಿರಬಹುದು. ಸೀರೆಗೆ ರವಿಕೆಯ ಬಟ್ಟೆ ಹೊಂದಿಸಲು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡುವ ಹೆಂಗಸರಿಗೆ ಈ ಸತ್ಯ ಚೆನ್ನಾಗಿ ಗೊತ್ತು. ಬೊಂಬೆಗೂ ಅದೇ ನಿಯಮ.

ಈಗ ಹೈಫಾದ ಸವಾರನ ಬಳಿಗೆ ಮರಳಬಹುದು. ಪ್ಯಾಲೆಸ್ಟೈನಿನಲ್ಲಿದ್ದ ಭಾರತೀಯ ಅಶ್ವದಳಗಳ ಉಡುಪೆಲ್ಲ ಖಾಕಿಯೇ. ಆದರೆ ಅವನ ಮೈಮೇಲೆ ಖಾಕಿ ಎಷ್ಟು ಬಗೆ ಎಂದು ಎಣಿಸಬೇಕು. ಅಂಗಿ ಹತ್ತಿಯ ಡ್ರಿಲ್ ಬಟ್ಟೆ, ಮೇಲೆ ಹೇಳಿದ ಓಕರ್-ಬಿಳಿ-ಅಂಬರ್ ಬೆರಕೆ ಅದಕ್ಕೆ. ಪೇಟ ತೆಳುವಾದ ಹತ್ತಿ, ಬಿಸಿಲಿಗೆ ಮೊದಲು ಒಡ್ಡಿಕೊಳ್ಳುವುದು ಅದೇ. ಅದೇ ಬೆರಕೆಗೆ ಇನ್ನೊಂದು ಪಾಲು ಕೆನೆಬಣ್ಣ. ಕುದುರೆಯ ಜೀನಿಗೆ ಉಜ್ಜುವ ಬ್ರೀಚಸ್ಸಿನ ಒಳಬದಿ ಕೊಂಚ ಗಾಢ, ಜಿಡ್ಡಿನ ಹೊಳಪು. ಕಾಲಿಗೆ ಸುತ್ತಿದ ಪಟ್ಟಿ ಉಣ್ಣೆಯದು. ಇಂಗ್ಲಿಷಿಗೆ ಹೋಗಿ ‘ಪಟೀ’ ಆದದ್ದು ನಮ್ಮ ಪಟ್ಟಿಯೇ. ಉಣ್ಣೆ ಬಣ್ಣವನ್ನು ಬೇರೆ ಬಗೆಯಲ್ಲಿ ಹಿಡಿಯುವುದರಿಂದ ಇಲ್ಲಿ ಬಿಳಿ ಕಡಿಮೆ ಮಾಡಿ ಅಂಬರ್ ಮತ್ತು ಹಸಿರ ಕಣ ಹೆಚ್ಚಿಸಬೇಕು. ಎದೆಗೆ ಅಡ್ಡಲಾಗಿ ಗುಂಡುಗಳ ಚರ್ಮದ ಪಟ್ಟಿ, ಅದಕ್ಕೆ ಬರ್ನ್ಟ್ ಸಿಯೆನ್ನಾ ಜೊತೆ ಅಂಬರ್. ಬಟ್ಟೆಯೆಲ್ಲ ಹೊಳಪಿಲ್ಲದ ಮ್ಯಾಟ್ ಆಗಿರಬೇಕು, ಚರ್ಮ ಮಾತ್ರ ಮಂದವಾಗಿ ಮಿನುಗಬೇಕು. ಕೊನೆಗೆ ಬಿಳಿಗೆ ಕೊಂಚ ಓಕರ್ ಬೆರೆಸಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಬೂಟು, ಕಾಲಪಟ್ಟಿ, ಕುದುರೆಯ ಗೊರಸುಗಳ ಮೇಲೆ ಹಾಯಿಸಿದರೆ ದಾರಿಯ ಧೂಳು ಕೂರುತ್ತದೆ.

ಇದಕ್ಕೆಲ್ಲ ವಿದೇಶಿ ಸೀಸೆಗಳೇ ಬೇಕೆಂದೇನೂ ಇಲ್ಲ. ಕ್ಯಾಮ್ಲಿನ್‌ನಂಥ ಅಕ್ರಿಲಿಕ್ ಟ್ಯೂಬುಗಳಲ್ಲಿ ಓಕರ್, ಅಂಬರ್, ಸಿಯೆನ್ನಾ, ಸ್ಯಾಪ್ ಗ್ರೀನ್ ಎಲ್ಲವೂ ಊರಿನ ಪುಸ್ತಕದಂಗಡಿಯಲ್ಲೇ ಸಿಗುತ್ತವೆ. ಸ್ವಲ್ಪ ಹೊಳಪು ಉಳಿದರೆ ಮೇಲೊಂದು ಮ್ಯಾಟ್ ವಾರ್ನಿಶ್ ಸಾಕು.

ಈ ಕೆಲಸಕ್ಕೆ ಕೈ ಹಾಕಬಯಸುವವರು ಬೊಂಬೆ ಕೊಳ್ಳುವ ಮುನ್ನ ಒಂದು ಅಭ್ಯಾಸ ಮಾಡಿ ನೋಡಿ. ಮನೆಯಲ್ಲಿ ಹಳೆಯ ಖಾಕಿ ಬಟ್ಟೆಯ ತುಂಡಿದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ದರ್ಜಿಯವರಲ್ಲಿ ಕೇಳಿ. ಹಗಲು ಬೆಳಕಿನಲ್ಲಿ ಓಕರ್, ಬಿಳಿ, ಅಂಬರ್ ಬೆರೆಸಿ ಬಟ್ಟೆಯ ಮೇಲೇ ಒಂದು ಚುಕ್ಕೆ ಇಟ್ಟು ಒಣಗಲು ಬಿಡಿ. ಚುಕ್ಕೆ ಕೆಂಪಾಗಿ ಕಂಡರೆ ಹಸಿರು, ಹಳದಿಯಾಗಿ ಕಂಡರೆ ಅಂಬರ್, ಗಾಢವಾಗಿ ಕಂಡರೆ ಕೆನೆಬಣ್ಣ ಸೇರಿಸಿ ಮತ್ತೊಂದು ಚುಕ್ಕೆ ಇಡಿ. ಏಳೆಂಟು ಚುಕ್ಕೆಗಳ ಹೊತ್ತಿಗೆ ಒಂದು ಚುಕ್ಕೆ ಬಟ್ಟೆಯಲ್ಲಿ ಕರಗಿ ಕಾಣದಂತಾಗುತ್ತದೆ. ಅದರ ಪಾಲುಗಳನ್ನು ಒಂದು ರಟ್ಟಿನ ಮೇಲೆ ಬರೆದು, ಪಕ್ಕದಲ್ಲಿ ಅದೇ ಬಣ್ಣ ಬಳಿದು, ಜೋಪಾನವಾಗಿ ತೆಗೆದಿಡಿ. ಹೈಫಾದ ಸವಾರನ ಅಂಗಿಗೆ ಆರಂಭದ ಬಣ್ಣ ಅದೇ.